ಗಂಟಿನೊಳಗಿನ ಗುರುತು

ಹುಣಸೂರು ತಾಲ್ಲೂಕಿನ ಹನಗೋಡು ಲಕ್ಷ್ಮಣತೀರ್ಥ ಹೊಳೆಯ ಸೀಮೆಯ ಊರು. ಹೊಳೆಗೆ ಅಡ್ಡಲಾಗಿ ಕಟ್ಟಿದ ಹಳೆಯ ಅಣೆಕಟ್ಟು, ಅದರ ನಾಲೆಯ ನೀರುಣ್ಣುವ ಗದ್ದೆಗಳು, ಖುಷ್ಕಿ ಹೊಲಗಳಲ್ಲಿ ಹೊಗೆಸೊಪ್ಪು, ಅನತಿದೂರದಲ್ಲಿ ನಾಗರಹೊಳೆಯ ಕಾಡು. ಇಂಥ ಊರಿನ ರೈತನೊಬ್ಬನಿಗೆ ಐವತ್ತೈದರ ವಯಸ್ಸಿನಲ್ಲಿ ಕುತ್ತಿಗೆಯ ಪಕ್ಕದಲ್ಲಿ ಅಡಕೆಯ ಗಾತ್ರದ ಗಂಟೊಂದು ಕಾಣಿಸಿಕೊಂಡಿತೆಂದು ಭಾವಿಸಬಹುದು. ನೋವಿಲ್ಲ, ಕೆಂಪಿಲ್ಲ, ಬೆರಳಿಟ್ಟು ಒತ್ತಿದರೆ ರಬ್ಬರಿನಂತೆ ಮಣಿಯುತ್ತದೆ. ಹೊಗೆಸೊಪ್ಪಿನ ಬ್ಯಾರನ್‌ಗೆ ಬೆಂಕಿ ಹಾಕುವ ಕಾಲದಲ್ಲಿ ನೋಯದ ಗಂಟನ್ನು ಯಾರು ಲೆಕ್ಕಿಸುತ್ತಾರೆ? “ಗಂಡಮಾಲೆ ಇರಬೇಕು ಕಣಪ್ಪಾ, ಪಟ್ಟು ಹಾಕಿಸು” ಎಂದು ಮನೆಯ ಅಜ್ಜಿ ಹೇಳುತ್ತಾಳೆ. ಪಟ್ಟು ಬೀಳುತ್ತದೆ. ಸಂಜೆಯ ಜ್ವರ ಆರಂಭವಾದ ಮೇಲೆ ಸುತ್ತಿನ ಡಾಕ್ಟರು ಕ್ಷಯದ ಗುಳಿಗೆಯನ್ನು ಬರೆದುಕೊಡುತ್ತಾರೆ. ಎರಡು ತಿಂಗಳು ಕಳೆಯುತ್ತದೆ, ಅಡಕೆ ನಿಂಬೆಹಣ್ಣಾಗುತ್ತದೆ. ಕಡೆಗೊಂದು ದಿನ ರೈತ ಮೈಸೂರಿನಲ್ಲಿ ನೌಕರಿಯಲ್ಲಿರುವ ತಮ್ಮನ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ.

ಈ ಕತೆಯ ರೈತ ಕಲ್ಪಿತ. ಅವನು ನಡೆದ ದಾರಿ ಮಾತ್ರ ಕಲ್ಪಿತವಲ್ಲ. ನಮ್ಮ ದೇಶದಲ್ಲಿ ದುಗ್ಧಗ್ರಂಥಿಯ ಕ್ಯಾನ್ಸರು ಕ್ಷಯದ ವೇಷದಲ್ಲಿ ತಿಂಗಳುಗಟ್ಟಲೆ ತಿರುಗಾಡುವುದನ್ನು ವೈದ್ಯರು ಪದೇಪದೇ ಕಂಡು ಬರೆದಿದ್ದಾರೆ. ಎರಡೂ ವ್ಯಾಧಿಗಳು ಕುತ್ತಿಗೆಯಲ್ಲಿ ಗಂಟು ತರುತ್ತವೆ. ಎರಡೂ ಜ್ವರ ತರುತ್ತವೆ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು ಬರಿಸುತ್ತವೆ, ಮೈಯ ತೂಕವನ್ನು ಇಳಿಸುತ್ತವೆ. ಕ್ಷಯ ನಮ್ಮಲ್ಲಿ ಹೆಚ್ಚಾದುದರಿಂದ ಮೊದಲು ಅದನ್ನು ನೆನೆಯುವ ವೈದ್ಯರದು ತಪ್ಪೆನ್ನಲಾಗದು. ಗಂಟನ್ನು ಪರೀಕ್ಷಿಸದೆಯೇ ಔಷಧವನ್ನು ಮುಂದುವರಿಸುವುದರಲ್ಲಿ ಅಪಾಯವಿದೆ. ಅದರಲ್ಲಿಯೂ ಗಂಟು ಉಗ್ರ ಜಾತಿಯ ಲಿಂಫೋಮಾ ಆಗಿದ್ದರೆ ಎರಡು ತಿಂಗಳೆಂಬುದು ಬಹು ದೀರ್ಘ ಕಾಲ.

ಲಿಂಫೋಮಾ ಎಂದರೇನು? ರಕ್ತನಾಳಗಳಂತೆಯೇ ದೇಹದಲ್ಲೆಲ್ಲ ಇನ್ನೊಂದು ನಾಳಗಳ ಜಾಲ ಹಬ್ಬಿದೆ. ಅದರಲ್ಲಿ ಹರಿಯುವ ತಿಳಿದ್ರವವೇ ದುಗ್ಧರಸ. ಈ ಜಾಲದ ನಡುನಡುವೆ, ಕುತ್ತಿಗೆ, ಕಂಕುಳು, ತೊಡೆಸಂದು, ಎದೆಗೂಡು, ಹೊಟ್ಟೆಗಳಲ್ಲಿ, ಸುಂಕದ ಕಟ್ಟೆಗಳಂತೆ ಸಣ್ಣ ಗ್ರಂಥಿಗಳಿವೆ. ಅಲ್ಲಿ ಲಿಂಫೋಸೈಟ್ ಎಂಬ ಬಿಳಿಯ ರಕ್ತಕಣಗಳು ಕಾವಲಿರುತ್ತವೆ. ಇವುಗಳಲ್ಲಿ ಎರಡು ಮುಖ್ಯ ಪಂಗಡ: ರೋಗಾಣುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿ ಹರಿಬಿಡುವ ವಂಶದ ‘ಬಿ’ ಕಣಗಳು, ಸ್ವತಃ ಮೈಮೇಲೆ ಬಿದ್ದು ಕಾದಾಡುವ ‘ಟಿ’ ಕಣಗಳು. ಈ ಕಾವಲುಗಾರರಲ್ಲೊಬ್ಬ ಅಂಕೆ ತಪ್ಪಿ ತನ್ನಂಥವರನ್ನೇ ಲಕ್ಷಲಕ್ಷವಾಗಿ ಹುಟ್ಟಿಸತೊಡಗಿದರೆ ಅದೇ ಲಿಂಫೋಮಾ. ಲಂಡನ್ನಿನ ವೈದ್ಯ ಥಾಮಸ್ ಹಾಡ್ಜ್‌ಕಿನ್ ಇಂಥ ರೋಗಿಗಳ ವರ್ಣನೆಯನ್ನು ೧೮೩೨ರಲ್ಲಿಯೇ ಪ್ರಕಟಿಸಿದ್ದ. ಒಂದೇ ಎಂದು ತಿಳಿದಿದ್ದ ಆ ವ್ಯಾಧಿಯಲ್ಲಿ ಇಂದು ಐವತ್ತಕ್ಕೂ ಹೆಚ್ಚು ಬಗೆಗಳನ್ನು ಎಣಿಸುತ್ತಾರೆ. ಉಗ್ರವಾದವುಗಳ ಪೈಕಿ ಅತಿ ಸಾಮಾನ್ಯವಾದದ್ದು ‘ಬಿ’ ಕಣಗಳಿಂದ ಹುಟ್ಟುವ ಒಂದು ಬಗೆ. ಅದರಲ್ಲಿ ಗ್ರಂಥಿಯ ಸಹಜ ವಿನ್ಯಾಸವೆಲ್ಲ ಅಳಿದು, ದೊಡ್ಡ ದೊಡ್ಡ ಕಣಗಳು ಹಾಳೆಯಂತೆ ಹರಡಿಕೊಂಡಿರುತ್ತವೆ.

ಇಲ್ಲೊಂದು ಸೋಜಿಗವಿದೆ. ಮೆಲ್ಲಗೆ ಬೆಳೆಯುವ ಲಿಂಫೋಮಾಗಳು ಹಲವು ವರ್ಷ ಸುಮ್ಮನಿದ್ದು, ಔಷಧಕ್ಕೆ ಬಗ್ಗಿ, ಮತ್ತೆ ತಲೆಯೆತ್ತುತ್ತವೆ. ಅವನ್ನು ಬೇರುಸಹಿತ ಕೀಳುವುದು ಕಷ್ಟ. ಉಗ್ರವಾದವು ಚಿಕಿತ್ಸೆಯಿಲ್ಲದಿದ್ದರೆ ಕೆಲವೇ ತಿಂಗಳುಗಳಲ್ಲಿ ಪ್ರಾಣ ತೆಗೆಯುತ್ತವೆ; ಆದರೆ ಸಕಾಲದಲ್ಲಿ ಸರಿಯಾದ ಚಿಕಿತ್ಸೆ ದೊರೆತರೆ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಪೂರ್ಣವಾಗಿ ಗುಣವಾಗುತ್ತವೆ. ವೇಗವಾಗಿ ಒಡೆದು ಹೆಚ್ಚುವ ಕಣಗಳ ಮೇಲೆಯೇ ಔಷಧದ ಪೆಟ್ಟು ಬಲವಾಗಿ ಬೀಳುವುದು ಇದಕ್ಕೊಂದು ಕಾರಣ. ಹೀಗಾಗಿ “ಉಗ್ರ” ಎಂಬ ಮಾತನ್ನು ಕೇಳಿದೊಡನೆ ಕೈಚೆಲ್ಲಿ ಕೂರುವ ಮನೆಯವರು ಗೆಲ್ಲಬಹುದಾದ ಪಂದ್ಯವನ್ನು ಬಿಟ್ಟುಕೊಟ್ಟಂತಾಗುತ್ತದೆ.

ಆ ಚಿಕಿತ್ಸೆಯ ಹಳೆಯ ಬುನಾದಿ ನಾಲ್ಕು ಔಷಧಗಳ ಒಂದು ಕೂಟ. ೧೯೭೦ರ ದಶಕದಿಂದ ಬಳಕೆಯಲ್ಲಿರುವ ಇದನ್ನು ವೈದ್ಯರು ‘ಚಾಪ್’ ಎಂದು ಕರೆಯುತ್ತಾರೆ. ಅದರಲ್ಲೊಂದಾದ ವಿನ್‌ಕ್ರಿಸ್ಟಿನ್, ನಮ್ಮ ಮನೆಯಂಗಳಗಳಲ್ಲಿ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪದ ಗಿಡದಿಂದ ದೊರೆತದ್ದು; ಇನ್ನೊಂದಾದ ಡಾಕ್ಸೋರುಬಿಸಿನ್, ಇಟಲಿಯ ಮಣ್ಣಿನ ಸೂಕ್ಷ್ಮಜೀವಿಯೊಂದರ ವಂಶದಿಂದ ಬಂದದ್ದು. ದೇವರ ಪೂಜೆಗೆ ಕೊಯ್ಯುವ ಹೂವಿನ ಗಿಡದಲ್ಲಿ ಕ್ಯಾನ್ಸರಿನ ಮದ್ದಿದೆಯೆಂದ ಮಾತ್ರಕ್ಕೆ ಆ ಎಲೆಯನ್ನು ಅರೆದು ಕುಡಿಯಬಾರದೆಂಬುದನ್ನು ಇಲ್ಲಿ ಹೇಳಿಬಿಡುವುದು ಲೇಸು. ಔಷಧದ ಅಂಶ ಎಲೆಯಲ್ಲಿ ಅತ್ಯಲ್ಪ, ಜೊತೆಗಿರುವ ಇತರ ವಿಷಗಳು ಅನೇಕ. ಇರಲಿ. ಈ ಚಾಪ್ ಕೂಟವನ್ನು ಮೀರಿಸಲು ಹೆಚ್ಚು ಹೆಚ್ಚು ಔಷಧಗಳನ್ನು ಬೆರೆಸಿ ನೋಡಿದ್ದಾಯಿತು. ೧೯೯೩ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಹೊಸ ಕೂಟಗಳಾವುವೂ ಹಳೆಯದಕ್ಕಿಂತ ಹೆಚ್ಚು ಜೀವಗಳನ್ನು ಉಳಿಸಲಿಲ್ಲ. ವಿಷದ ಬಾಧೆ ಮಾತ್ರ ಹೆಚ್ಚಿತು. ಕುರುಡಾಗಿ ಬೀಸುವ ಕತ್ತಿಯನ್ನು ಇನ್ನಷ್ಟು ಜೋರಾಗಿ ಬೀಸಿ ಪ್ರಯೋಜನವಿಲ್ಲವೆಂದು ಅಂದು ಸ್ಪಷ್ಟವಾಯಿತು. ಬೇಕಾಗಿದ್ದುದು ಗುರಿ.

ಗುರಿಯ ಕಲ್ಪನೆ ಹೊಸದಲ್ಲ. ಜೀವಕೋಶಗಳ ಹೊರಮೈಯಲ್ಲಿ ಕೊಂಡಿಗಳಂಥ ರಚನೆಗಳಿವೆ, ಪ್ರತಿಯೊಂದು ಕೊಂಡಿಗೂ ತಕ್ಕ ಕುಣಿಕೆಯೊಂದೇ ಸಿಕ್ಕುತ್ತದೆ, ಎಂದು ಜರ್ಮನಿಯ ಪಾಲ್ ಏರ್ಲಿಕ್ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಊಹಿಸಿದ್ದ. ಇಂಥ ರಚನೆಗಳನ್ನು ಇಂದು ಗ್ರಾಹಿ ಅಥವಾ ರಿಸೆಪ್ಟರ್ ಎನ್ನುತ್ತಾರೆ. ರೋಗದ ಕಣವನ್ನಷ್ಟೇ ಹುಡುಕಿ ಹೊಡೆಯುವ ‘ಮಾಂತ್ರಿಕ ಗುಂಡ’ನ್ನು ಅವನು ಕನಸಿದ. ನಮ್ಮವರಿಗೆ ಅದಕ್ಕಿಂತ ಒಗ್ಗುವ ಹೋಲಿಕೆಯೊಂದುಂಟು. ರಾಮಾಯಣದ ದಶರಥನಿಗೆ ಶಬ್ದವೇಧಿ ವಿದ್ಯೆ ತಿಳಿದಿತ್ತು. ಕಣ್ಣಿಗೆ ಕಾಣದ ಗುರಿಯನ್ನು ಅದರ ಸದ್ದಿನಿಂದಲೇ ಅರಿತು ಬಾಣ ಬಿಡುವ ವಿದ್ಯೆ ಅದು. ದೇಹದೊಳಗೆ ಹುದುಗಿ ಎಲ್ಲೆಲ್ಲೋ ಚದುರಿದ ಕ್ಯಾನ್ಸರಿನ ಕಣವನ್ನು ಹೊಡೆಯಬೇಕಾದರೂ ಅಂಥದೇ ವಿದ್ಯೆ ಬೇಕು. ಸದ್ದಿನ ಸ್ಥಾನದಲ್ಲಿ, ಕಣದ ಹೊರಮೈಯ ಗುರುತು.

ಬಾಣವನ್ನು ತಯಾರಿಸುವ ಉಪಾಯ ಸಿಕ್ಕಿದ್ದು ೧೯೭೫ರಲ್ಲಿ. ಕೇಂಬ್ರಿಜ್‌ನಲ್ಲಿ ಕೆಲಸಮಾಡುತ್ತಿದ್ದ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಎಂಬಿಬ್ಬರು, ಒಂದೇ ಗುರಿಯುಳ್ಳ ಪ್ರತಿಕಾಯವನ್ನು ಬೇಕಾದಷ್ಟು ಪ್ರಮಾಣದಲ್ಲಿ ತಯಾರಿಸುವ ಕ್ರಮವನ್ನು ಕಂಡುಹಿಡಿದರು. ಅವರಿಗೆ ೧೯೮೪ರಲ್ಲಿ ನೊಬೆಲ್ ಬಹುಮಾನ ಬಂತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರೊನಾಲ್ಡ್ ಲೆವಿ ಎಂಬ ವೈದ್ಯ ಇದನ್ನು ಲಿಂಫೋಮಾದ ಮೇಲೆ ಪ್ರಯೋಗಿಸಿದ. ಪ್ರತಿಯೊಂದು ‘ಬಿ’ ಕಣದ ಮೈಮೇಲೂ ಶತ್ರುವನ್ನು ಹಿಡಿಯುವ ಗ್ರಾಹಿಯೊಂದಿದೆ. ಒಬ್ಬ ರೋಗಿಯ ಕ್ಯಾನ್ಸರು ಒಂದೇ ಕಣದ ಸಂತಾನವಾದುದರಿಂದ ಅವನ ಗಂಟಿನ ಕಣಗಳಿಗೆಲ್ಲ ಇರುವುದು ಒಂದೇ ಗ್ರಾಹಿ. ಲೆವಿ ಒಬ್ಬ ರೋಗಿಯ ಆ ಗ್ರಾಹಿಗೆಂದೇ ಪ್ರತಿಕಾಯವನ್ನು ಸಿದ್ಧಪಡಿಸಿ ಚುಚ್ಚಿದ, ಗಂಟುಗಳು ಕರಗಿದವು. ಆ ವರದಿ ೧೯೮೨ರಲ್ಲಿ ಪ್ರಕಟವಾಯಿತು. ಆದರೆ ಒಬ್ಬನ ಗ್ರಾಹಿ ಇನ್ನೊಬ್ಬನದಕ್ಕೆ ಹೋಲುವುದಿಲ್ಲ. ಪ್ರತಿ ರೋಗಿಗೂ ಹೊಸ ಔಷಧವನ್ನು ತಿಂಗಳುಗಟ್ಟಲೆ ಕೂತು ನೇಯಬೇಕು. ಎಲ್ಲರಿಗೂ ಒಪ್ಪುವ ಗುರುತೊಂದು ಬೇಕಾಯಿತು.

ಅಂಥ ಗುರುತನ್ನು ೧೯೮೦ರಲ್ಲಿಯೇ ಬಾಸ್ಟನ್ನಿನ ವಿಜ್ಞಾನಿಗಳು ಕಂಡಿದ್ದರು. ಅದರ ಇಂದಿನ ಹೆಸರು ಸಿಡಿ-೨೦. ಕಣದ ಪೊರೆಯನ್ನು ನಾಲ್ಕು ಸಲ ಹಾದುಹೋಗುವ ಚಿಕ್ಕ ಪ್ರೋಟೀನು ಅದು. ಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಅದನ್ನು ಗ್ರಾಹಿಯೆನ್ನುವುದಕ್ಕಿಂತ ಕಣದ ಮುದ್ರೆಯೆನ್ನುವುದೇ ಸರಿ. ಅದು ಬಹುಪಾಲು ‘ಬಿ’ ಕಣಗಳ ಮೇಲಿದೆ, ‘ಬಿ’ ಕಣಗಳ ಬಹುತೇಕ ಲಿಂಫೋಮಾಗಳ ಮೇಲಿದೆ. ಪ್ರತಿಕಾಯ ಬಂದು ಕಚ್ಚಿಕೊಂಡರೆ ಸುಲಭವಾಗಿ ಕಳಚಿ ತೇಲಿಹೋಗುವುದಿಲ್ಲ, ಕಣದೊಳಕ್ಕೆ ಅವಿತುಕೊಳ್ಳುವುದೂ ಕಡಮೆ. ಎಲ್ಲಕ್ಕಿಂತ ಮಿಗಿಲಾಗಿ, ರಕ್ತವನ್ನು ಹುಟ್ಟಿಸುವ ಮೂಲಕಣಗಳ ಮೇಲೆ ಅದು ಇಲ್ಲ. ಗುರಿಗೆ ಇದಕ್ಕಿಂತ ಅನುಕೂಲವಾದ ಮುದ್ರೆ ದೊರೆಯುವುದು ಕಷ್ಟ.

ಈ ಮುದ್ರೆಗೆಂದು ಇಲಿಯ ಮತ್ತು ಮನುಷ್ಯನ ಅಂಶಗಳನ್ನು ಬೆಸೆದು ತಯಾರಿಸಿದ ಪ್ರತಿಕಾಯವೇ ರಿಟುಕ್ಸಿಮ್ಯಾಬ್. ಅಮೆರಿಕದ ಸರಕಾರ ಅದಕ್ಕೆ ೧೯೯೭ರ ನವೆಂಬರಿನಲ್ಲಿ ಒಪ್ಪಿಗೆಯಿತ್ತಿತು. ಕ್ಯಾನ್ಸರಿನ ಚಿಕಿತ್ಸೆಗೆ ಅಲ್ಲಿ ಒಪ್ಪಿಗೆ ಪಡೆದ ಮೊದಲ ಏಕಗುರಿ ಪ್ರತಿಕಾಯವಿದು. ಅದು ಕಣದ ಮೈಗೆ ಅಂಟಿಕೊಂಡು ತಾನೇ ಕೊಲ್ಲುವುದು ಸ್ವಲ್ಪ. ಹೆಚ್ಚಿನ ಕೆಲಸವನ್ನು ಇತರರಿಂದ ಮಾಡಿಸುತ್ತದೆ. ಪೊಲೀಸನು ಕಳ್ಳನ ಕೈ ಹಿಡಿದುಕೊಂಡು ಕೂಗಿದರೆ ಊರವರು ಓಡಿಬರುವಂತೆ, ಪ್ರತಿಕಾಯದ ಬಾಲವನ್ನು ಕಂಡ ದೇಹದ ಕೊಲೆಗಡುಕ ಕಣಗಳೂ ರಕ್ತದಲ್ಲಿನ ಸಂಹಾರಕ ಪ್ರೋಟೀನುಗಳೂ ಬಂದು ಮುತ್ತುತ್ತವೆ.

ಫಲವೇನಾಯಿತು? ಫ್ರಾನ್ಸಿನ ಬರ್ಟ್ರಾಂಡ್ ಕ್ವಾಫಿಯೆ ಮತ್ತು ಸಹೋದ್ಯೋಗಿಗಳು ೬೦ರಿಂದ ೮೦ ವರ್ಷದೊಳಗಿನ ೩೯೯ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಚಾಪ್ ಮಾತ್ರವನ್ನೂ ಇನ್ನೊಂದಕ್ಕೆ ಚಾಪ್ ಜೊತೆಗೆ ರಿಟುಕ್ಸಿಮ್ಯಾಬನ್ನೂ ಕೊಟ್ಟರು. ೨೦೦೨ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಎರಡು ವರ್ಷಗಳ ಕೊನೆಗೆ ಮೊದಲ ಗುಂಪಿನಲ್ಲಿ ನೂರಕ್ಕೆ ೫೭ ಮಂದಿ ಬದುಕಿದ್ದರೆ ಎರಡನೆಯದರಲ್ಲಿ ೭೦ ಮಂದಿ. ಹತ್ತು ವರ್ಷಗಳ ಬಳಿಕ ಮತ್ತೆ ಎಣಿಸಿದಾಗ, ಆ ವೃದ್ಧರಲ್ಲಿ ನೂರಕ್ಕೆ ಸುಮಾರು ೨೮ ಮತ್ತು ೪೪. ವಯಸ್ಸಾದವರ ಪೈಕಿ ಇಷ್ಟು ಅಂತರವನ್ನು ಒಂದು ಔಷಧ ಉಳಿಸಿಕೊಂಡದ್ದು ಸಾಮಾನ್ಯ ಸಂಗತಿಯಲ್ಲ. ಅಂದಿನಿಂದ ಈ ಐದರ ಕೂಟವೇ, ‘ಆರ್-ಚಾಪ್’ ಎಂಬ ಹೆಸರಿನಲ್ಲಿ, ಜಗತ್ತಿನಾದ್ಯಂತ ರೂಢಿಗೆ ಬಂತು. ೨೧ ದಿನಗಳಿಗೊಂದರಂತೆ ಸಾಮಾನ್ಯವಾಗಿ ಆರು ಸರದಿ, ಎಂದರೆ ನಾಲ್ಕು ತಿಂಗಳ ಮೇಲಷ್ಟು. ಮೊದಲ ದಿನ ಪ್ರತಿಕಾಯವನ್ನು ಹನಿಹನಿಯಾಗಿ ಹಲವು ತಾಸು ಇಳಿಸುತ್ತಾರೆ. ಚಳಿಜ್ವರ ಬರುವುದುಂಟು, ವೇಗವನ್ನು ತಗ್ಗಿಸಿದರೆ ಶಮನವಾಗುತ್ತದೆ. ಕೂದಲುದುರುವುದು, ಬೆರಳ ತುದಿ ಮರಗಟ್ಟುವುದು, ಒಂದೆರಡು ದಿನ ಮೂತ್ರ ಕೆಂಪಾಗುವುದು, ಇವೆಲ್ಲ ಪ್ರತಿಕಾಯದ ದೋಷಗಳಲ್ಲ. ಹಳೆಯ ನಾಲ್ಕು ಔಷಧಗಳ ಪ್ರಸಾದ.

ಶಬ್ದವೇಧಿಯ ಕತೆಗೆ ಇನ್ನೊಂದು ಭಾಗವಿದೆ. ದಶರಥನ ಬಾಣ ತಾಗಿದ್ದು ಆನೆಗಲ್ಲ. ಕುರುಡ ತಂದೆತಾಯಿಗಳಿಗಾಗಿ ನೀರು ತುಂಬುತ್ತಿದ್ದ ಶ್ರವಣಕುಮಾರನಿಗೆ. ರಿಟುಕ್ಸಿಮ್ಯಾಬಿಗೂ ಕಾಣುವುದು ಮುದ್ರೆಯೊಂದೇ. ಅದೇ ಮುದ್ರೆಯುಳ್ಳ ಆರೋಗ್ಯವಂತ ‘ಬಿ’ ಕಣಗಳೂ ಸಾಯುತ್ತವೆ. ಆದರೆ ಮೂಲಕಣಗಳು ಸುರಕ್ಷಿತವಾಗಿರುವುದರಿಂದ ಚಿಕಿತ್ಸೆ ಮುಗಿದ ಆರು ತಿಂಗಳಿಂದ ವರ್ಷದೊಳಗೆ ಹೊಸ ಪೀಳಿಗೆ ಹುಟ್ಟಿಬರುತ್ತದೆ; ಪ್ರತಿಕಾಯಗಳನ್ನು ತಯಾರಿಸುವ ಪಕ್ವಕಣಗಳ ಮೇಲೆ ಈ ಮುದ್ರೆಯಿಲ್ಲವಾದ್ದರಿಂದ ಹಳೆಯ ರೋಗನಿರೋಧವೂ ಬಹುಮಟ್ಟಿಗೆ ಉಳಿಯುತ್ತದೆ. ನಡುವಿನ ಈ ಅವಧಿಯಲ್ಲಿ ಮನೆಯವರು ಅರಿತಿರಲೇಬೇಕಾದ ಅಪಾಯ ಒಂದಿದೆ. ಕಾಮಾಲೆಯ ಹೆಪಟೈಟಿಸ್-ಬಿ ವೈರಸ್ಸು ಕೆಲವರ ಯಕೃತ್ತಿನಲ್ಲಿ ಯಾವ ಲಕ್ಷಣವೂ ಇಲ್ಲದೆ ವರ್ಷಗಟ್ಟಲೆ ಮಲಗಿರುತ್ತದೆ. ಕಾವಲು ತಪ್ಪಿದೊಡನೆ ಅದು ಎದ್ದು ಪ್ರಾಣಕ್ಕೇ ಎರವಾಗಬಲ್ಲದು. ಆದ್ದರಿಂದ ಮೊದಲ ಸೀಸೆಯನ್ನು ಏರಿಸುವ ಮುನ್ನವೇ ಆ ವೈರಸ್ಸಿಗಾಗಿ ರಕ್ತವನ್ನು ಪರೀಕ್ಷಿಸಬೇಕು. ಇದ್ದರೆ ಅದನ್ನು ಅದುಮಿಡುವ ಗುಳಿಗೆಯನ್ನು ಚಿಕಿತ್ಸೆಯುದ್ದಕ್ಕೂ, ಮುಗಿದ ಮೇಲೂ ಒಂದು ವರ್ಷಕ್ಕೆ ಕಡಮೆಯಿಲ್ಲದಂತೆ, ಕೊಡುತ್ತಾರೆ. “ಆ ಪರೀಕ್ಷೆ ಆಗಿದೆಯೇ, ಡಾಕ್ಟರೇ?” ಎಂದು ಕೇಳುವುದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ.

ಇಷ್ಟೆಲ್ಲ ನಿಂತಿರುವುದು ಒಂದೇ ಒಂದು ಪ್ರಶ್ನೆಯ ಮೇಲೆ: ರೋಗಿಯ ಗಂಟಿನ ಕಣಗಳ ಮೇಲೆ ಆ ಮುದ್ರೆ ಇದೆಯೇ, ಇಲ್ಲವೇ? ‘ಟಿ’ ಕಣಗಳ ಲಿಂಫೋಮಾದಲ್ಲಿ ಸಾಮಾನ್ಯವಾಗಿ ಸಿಡಿ-೨೦ ಇರುವುದಿಲ್ಲ. ಅಲ್ಲಿ ರಿಟುಕ್ಸಿಮ್ಯಾಬನ್ನು ಕೊಟ್ಟರೆ ಹಣವೂ ಕಾಲವೂ ಹೊಳೆಯ ಪಾಲು. ಕ್ಷಯದ ಗಂಟಿಗಂತೂ ಕೊಡುವ ಮಾತೇ ಇಲ್ಲ. ಉತ್ತರ ರಕ್ತಪರೀಕ್ಷೆಯಲ್ಲಿಲ್ಲ, ಎಕ್ಸ್‌ರೇಯಲ್ಲಿಲ್ಲ, ದುಬಾರಿ ಸ್ಕ್ಯಾನಿನಲ್ಲಿಯೂ ಇಲ್ಲ; ಗಂಟಿನೊಳಗೇ ಇದೆ. ಗಂಟನ್ನು ಇಡಿಯಾಗಿ ತೆಗೆದು, ಅಥವಾ ದಪ್ಪ ಸೂಜಿಯಿಂದ ಅದರ ತಿರುಳನ್ನು ತೆಗೆದು, ಮೇಣದಲ್ಲಿ ಅಚ್ಚುಮಾಡಿ, ಕೂದಲಿಗಿಂತ ತೆಳುವಾದ ಹೋಳುಗಳನ್ನಾಗಿ ಸೀಳುತ್ತಾರೆ. ಹೋಳಿನ ಮೇಲೆ ಸಿಡಿ-೨೦ಕ್ಕೆ ತಕ್ಕ ಪ್ರತಿಕಾಯವನ್ನು ಬಣ್ಣದೊಡನೆ ಹಾಯಿಸಿದರೆ, ಮುದ್ರೆಯುಳ್ಳ ಕಣಗಳ ಅಂಚು ಕಂದು ಬಣ್ಣದಿಂದ ಎದ್ದು ತೋರುತ್ತದೆ. ಪರೀಕ್ಷೆಯೂ ಪ್ರತಿಕಾಯದಿಂದಲೇ, ಚಿಕಿತ್ಸೆಯೂ ಪ್ರತಿಕಾಯದಿಂದಲೇ ಎಂಬುದು ಗಮನಾರ್ಹ.

ಇಲ್ಲಿಯೇ ಮೂರು ಅಡ್ಡಿಗಳು ಎದುರಾಗುತ್ತವೆ. ಅಗ್ಗವೆಂದು ತೆಳುಸೂಜಿಯಿಂದ ನಾಲ್ಕು ಹನಿಯನ್ನು ಹೀರಿ ನೋಡಿ ತೀರ್ಮಾನಿಸುವುದು ಮೊದಲನೆಯದು. ಕ್ಷಯವನ್ನು ಪತ್ತೆಮಾಡಲು ಅದು ಬಹಳ ಉಪಯುಕ್ತ. ಲಿಂಫೋಮಾದ ಬಗೆಯನ್ನು ಹೇಳಲು ಸಾಲದು, ಏಕೆಂದರೆ ಗ್ರಂಥಿಯ ಒಳವಿನ್ಯಾಸ ಕಾಣಬೇಕು. ಕಲ್ಲುಗಳ ರಾಶಿಯನ್ನು ನೋಡಿ ಗುಡಿಯ ಶಿಲ್ಪವನ್ನು ಹೇಳಲಾದೀತೆ? ಎರಡನೆಯದು, ಜ್ವರವಿಳಿಯಲೆಂದು ಅಥವಾ ಊತ ಕುಗ್ಗಲೆಂದು ಮೊದಲೇ ಸ್ಟಿರಾಯಿಡ್ ಚುಚ್ಚುಮದ್ದು ಹಾಕಿಸಿಕೊಳ್ಳುವುದು. ಸ್ಟಿರಾಯಿಡ್ ಲಿಂಫೋಮಾದ ಕಣಗಳನ್ನು ತಾತ್ಕಾಲಿಕವಾಗಿ ಕರಗಿಸುತ್ತದೆ. ಗಂಟು ಇಳಿಯಿತೆಂದು ಮನೆಯವರು ಹಿಗ್ಗುತ್ತಾರೆ, ತುಣುಕು ತೆಗೆದಾಗ ಗುರುತೆಲ್ಲ ಕೆಟ್ಟಿರುತ್ತದೆ, ಮೂರು ವಾರ ಕಳೆದು ಗಂಟು ಹೆಚ್ಚಿನ ಗಾತ್ರದಲ್ಲಿ ಮರಳುತ್ತದೆ. ಮೂರನೆಯದು ಹಳ್ಳಿಗಿಂತ ಪಟ್ಟಣದ ನಡುಮನೆಯಲ್ಲಿಯೇ ಹೆಚ್ಚಾಗಿ ಕೇಳಿಬರುವ ಮಾತು. “ಅಣ್ಣಾ, ಗಂಟು ತೆಗೆದು ಪರೀಕ್ಷೆ ಮಾಡಬೇಕಂತೆ” ಎಂದು ತಮ್ಮ ಹೇಳಿದೊಡನೆ, ಓದಿದ ನೆಂಟರೊಬ್ಬರು “ಬೇಡಿ, ಬೇಡಿ, ಕತ್ತಿ ತಾಗಿದರೆ ಕ್ಯಾನ್ಸರು ಹರಡುತ್ತದೆ” ಎನ್ನುತ್ತಾರೆ. ಲಿಂಫೋಮಾದ ಮಟ್ಟಿಗೆ ಈ ಭಯಕ್ಕೆ ಆಧಾರವಿಲ್ಲ. ಈ ಕಣಗಳು ಹುಟ್ಟಿನಿಂದಲೇ ಸಂಚಾರಿಗಳು. ಕತ್ತಿಯಿರಲಿ ಬಿಡಲಿ, ರಕ್ತದಲ್ಲಿಯೂ ದುಗ್ಧರಸದಲ್ಲಿಯೂ ತಿರುಗುತ್ತಲೇ ಇರುತ್ತವೆ. ಅದೇ ಕಾರಣಕ್ಕೆ ಗಂಟನ್ನು ಕೊಯ್ದುಹಾಕಿದ ಮಾತ್ರಕ್ಕೆ ರೋಗ ಹೋಗುವುದಿಲ್ಲ. ಕೊಯ್ಯುವುದು ಗುರುತನ್ನು ಓದುವುದಕ್ಕೆ ಮಾತ್ರ.

ಎರಡು ಸೆಂಟಿಮೀಟರಿಗೆ ಮೀರಿದ, ನಾಲ್ಕರಿಂದ ಆರು ವಾರವಾದರೂ ಇಳಿಯದ, ಅಥವಾ ಕ್ಷಯದ ಔಷಧ ನಡೆಯುತ್ತಿರುವಾಗಲೂ ಬೆಳೆಯುತ್ತಲೇ ಇರುವ ಗಂಟನ್ನು ತೆಗೆದು ನೋಡಬೇಕೆಂಬುದು ಸಾಮಾನ್ಯ ನಿಯಮ. ಹನಗೋಡಿನಿಂದ ಹುಣಸೂರಿಗೆ, ಅಲ್ಲಿಂದ ಸುಮಾರು ೪೫ ಕಿಲೋಮೀಟರು ಮೈಸೂರಿಗೆ, ಬಸ್ಸುಗಳಿಗೆ ಕೊರತೆಯಿಲ್ಲ. ಮೈಸೂರಿನಲ್ಲಿ ಕ್ಯಾನ್ಸರಿನ ಚಿಕಿತ್ಸೆ ದೊರೆಯುತ್ತದೆ. ಬೆಂಗಳೂರಿನಲ್ಲಿ, ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಮಂತ್ರಿಗಳೂ ಆಗಿದ್ದ ರಫಿ ಅಹಮದ್ ಕಿದ್ವಾಯಿ ಅವರ ಹೆಸರಿನ ಸರಕಾರಿ ಕ್ಯಾನ್ಸರ್ ಸಂಸ್ಥೆ ೧೯೭೩ರಿಂದ ಕೆಲಸ ಮಾಡುತ್ತಿದೆ.

ಹಣದ ಮಾತು ಬಿಡುವಂತಿಲ್ಲ. ರಿಟುಕ್ಸಿಮ್ಯಾಬ್ ವಿದೇಶದಿಂದ ಬರುತ್ತಿದ್ದ ಕಾಲದಲ್ಲಿ ಆರು ಸರದಿಗೆ ಮಧ್ಯಮವರ್ಗದ ಮನೆಯೊಂದು ನಿವೇಶನವನ್ನೇ ಮಾರಬೇಕಾಗುತ್ತಿತ್ತು. ಎಷ್ಟೋ ಮಂದಿ ವೈದ್ಯರು ‘ಆರ್’ ಅಕ್ಷರವನ್ನು ಬಿಟ್ಟು ಚಾಪ್ ಮಾತ್ರವನ್ನು ಬರೆಯುತ್ತಿದ್ದರು. ಅದರ ಅರ್ಥ ರೋಗಿಗೆ ತಿಳಿಯುತ್ತಿರಲಿಲ್ಲ. ೨೦೦೭ರಲ್ಲಿ ಹೈದರಾಬಾದಿನ ಡಾಕ್ಟರ್ ರೆಡ್ಡೀಸ್ ಸಂಸ್ಥೆ ಅದಕ್ಕೆ ಸಮಾನವಾದ ಪ್ರತಿಕಾಯವನ್ನು ಇಲ್ಲಿಯೇ ತಯಾರಿಸಿ ಸುಮಾರು ಅರ್ಧ ಬೆಲೆಗೆ ಮಾರಾಟಕ್ಕೆ ತಂದಿತು. ಮುಂದೆ ಇತರ ದೇಶೀಯ ಸಂಸ್ಥೆಗಳೂ ಸೇರಿ ಬೆಲೆ ಮತ್ತಷ್ಟು ಇಳಿಯಿತು. ೨೦೧೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಔಷಧವನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಪಡಿತರ ಚೀಟಿ, ಆಧಾರ್ ಚೀಟಿ, ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ, ಇವನ್ನು ಊರಿನಿಂದ ಹೊರಡುವಾಗಲೇ ಕೈಚೀಲಕ್ಕೆ ಹಾಕಿಕೊಂಡರೆ ಮತ್ತೊಂದು ಸಲ ಹಿಂದಿರುಗುವ ಬವಣೆ ತಪ್ಪುತ್ತದೆ.

ಐದರ ಕೂಟದಿಂದಲೂ ಎಲ್ಲರೂ ಗುಣವಾಗುವುದಿಲ್ಲ. ಮೂವರಲ್ಲಿ ಒಬ್ಬರಿಗೆಂಬಂತೆ ರೋಗ ಬಗ್ಗದೆ ಉಳಿಯುತ್ತದೆ, ಇಲ್ಲವೆ ಮರಳುತ್ತದೆ. ಅಂಥವರಿಗಾಗಿ ವಿಜ್ಞಾನಿಗಳು ಮತ್ತೆ ಕಣದ ಮೈಯನ್ನೇ ತಡಕಿದರು. ಸಿಡಿ-೭೯ಬಿ ಎಂಬ ಭಾಗ, ಲೆವಿ ಮೊದಲು ಗುರಿಯಿಟ್ಟಿದ್ದ ಆ ಗ್ರಾಹಿಯದೇ ಒಡಹುಟ್ಟು. ಅದನ್ನು ಹಿಡಿಯುವ ಪ್ರತಿಕಾಯದ ಬೆನ್ನಿಗೆ ವಿಷದ ಪೊಟ್ಟಣವನ್ನು ಕಟ್ಟಿ ಕಣದೊಳಕ್ಕೆ ಸಾಗಿಸುವ ಪೊಲಾಟುಜುಮ್ಯಾಬ್ ಎಂಬ ಔಷಧ ೨೦೧೯ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ೨೦೨೩ರಲ್ಲಿ ಎರಡು ಕೈಗಳ ಪ್ರತಿಕಾಯಗಳು ಬಂದವು. ಒಂದು ಕೈ ಕ್ಯಾನ್ಸರಿನ ಸಿಡಿ-೨೦ನ್ನು ಹಿಡಿದರೆ ಇನ್ನೊಂದು ಕೈ ‘ಟಿ’ ಕಣವನ್ನು ಎಳೆತಂದು ಎದುರಿಗೆ ನಿಲ್ಲಿಸುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದಿನದು ಕನ್ನಡ ನಾಡಿಗೇ ಬಂದಿದೆ. ಶತ್ರುವಿನ ಮೈಯ ಗುರುತನ್ನು ಹುಡುಕುವ ಬದಲು, ಅದನ್ನು ಗುರುತಿಸಬಲ್ಲ ಗ್ರಾಹಿಯನ್ನು ನಮ್ಮ ಕಾವಲುಗಾರನ ಮೈಮೇಲೆಯೇ ಏಕೆ ನೆಡಬಾರದು? ಇಸ್ರೇಲಿನ ಜೆಲಿಗ್ ಎಶ್ಹರ್ ೧೯೮೦ರ ದಶಕದ ಕೊನೆಗೆ ಈ ಕೆಲಸಕ್ಕೆ ಕೈಹಾಕಿದ. ರೋಗಿಯ ರಕ್ತದಿಂದ ‘ಟಿ’ ಕಣಗಳನ್ನು ಬೇರ್ಪಡಿಸಿ, ಹಾನಿ ಮಾಡದಂತೆ ಪಳಗಿಸಿದ ವೈರಸ್ಸಿನ ಮೂಲಕ ಅವುಗಳಿಗೆ ಹೊಸ ಗ್ರಾಹಿಯ ಜೀನನ್ನು ತುಂಬಿ, ಪ್ರಯೋಗಶಾಲೆಯಲ್ಲಿ ಬೆಳೆಸಿ, ಮತ್ತೆ ಅದೇ ರೋಗಿಗೆ ಏರಿಸುತ್ತಾರೆ. ಇದನ್ನು ಕಾರ್-ಟಿ ಚಿಕಿತ್ಸೆ ಎನ್ನುತ್ತಾರೆ. ಗುರಿ ಸಿಡಿ-೧೯ ಎಂಬ ಇನ್ನೊಂದು ಮುದ್ರೆ. ೨೦೧೭ರಲ್ಲಿ ಅಮೆರಿಕದಲ್ಲಿ ಉಗ್ರ ಲಿಂಫೋಮಾಕ್ಕೆ ಒಪ್ಪಿಗೆ ಪಡೆದಾಗ ಇದರ ಬೆಲೆ ೩,೭೩,೦೦೦ ಡಾಲರು. ಬೇರೆಲ್ಲ ಚಿಕಿತ್ಸೆಯೂ ಸೋತವರ ಮೇಲೆ ನಡೆಸಿದ ಅದರ ಮುಖ್ಯ ಪ್ರಯೋಗದಲ್ಲಿ ಐದು ವರ್ಷಗಳ ಬಳಿಕ ನೂರಕ್ಕೆ ೪೩ರಷ್ಟು ಮಂದಿ ಬದುಕಿದ್ದರು. ಭಾರತದಲ್ಲಿ ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳ ಸಂಶೋಧನೆಯಿಂದ ಹುಟ್ಟಿದ ನೆಕ್ಸ್‌ಕಾರ್-೧೯ ಎಂಬುದಕ್ಕೆ ೨೦೨೩ರ ಅಕ್ಟೋಬರಿನಲ್ಲಿ ಒಪ್ಪಿಗೆ ದೊರೆಯಿತು. ಬೆಂಗಳೂರಿನ ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯ ಆವರಣದಲ್ಲಿ ನೆಲೆಸಿರುವ, ಕಿರಣ್ ಮಜುಂದಾರ್ ಷಾ, ಸಿದ್ಧಾರ್ಥ ಮುಖರ್ಜಿ ಮೊದಲಾದವರು ಸ್ಥಾಪಿಸಿದ ಇಮ್ಯುನೀಲ್ ಸಂಸ್ಥೆ, ಸ್ಪೇನಿನ ಬಾರ್ಸಿಲೋನಾ ನಗರದ ಆಸ್ಪತ್ರೆಯೊಂದರಿಂದ ವಿದ್ಯೆಯನ್ನು ಪಡೆದು, ‘ಕಾರ್ಟೆಮಿ’ ಎಂಬ ಹೆಸರಿನಲ್ಲಿ ೨೦೨೫ರ ಜನವರಿಯಲ್ಲಿ ಇಂಥದೇ ಚಿಕಿತ್ಸೆಯನ್ನು ಹೊರತಂದಿತು. ಅದು ಮೀಸಲಾಗಿರುವುದು ಮರಳಿದ ಅಥವಾ ಔಷಧಕ್ಕೆ ಬಗ್ಗದ ‘ಬಿ’ ಕಣಗಳ ಲಿಂಫೋಮಾಕ್ಕೆ. ಅಮೆರಿಕದ ಬೆಲೆಗೆ ಹೋಲಿಸಿದರೆ ಇಲ್ಲಿ ಬಹಳ ಕಡಮೆಯಾದರೂ ಹತ್ತಾರು ಲಕ್ಷ ರೂಪಾಯಿಗಳ ಮಾತು. ಹನಗೋಡಿನ ಹೊಲಕ್ಕೂ ಬೊಮ್ಮಸಂದ್ರದ ಪ್ರಯೋಗಶಾಲೆಗೂ ನಡುವಣ ದೂರವನ್ನು ರಸ್ತೆಯ ಕಿಲೋಮೀಟರುಗಳಲ್ಲಿ ಅಳೆಯುವಂತಿಲ್ಲ. ತೀವ್ರ ಜ್ವರ, ರಕ್ತದೊತ್ತಡದ ಕುಸಿತ, ಕೆಲವೊಮ್ಮೆ ಬುದ್ಧಿಭ್ರಮಣೆ ಇವು ಆ ಚಿಕಿತ್ಸೆಯ ತೊಡಕುಗಳಾದುದರಿಂದ ನುರಿತ ಆಸ್ಪತ್ರೆಯ ಹೊರಗೆ ಅದನ್ನು ನಡೆಸಲಾಗದು. ಆದ್ದರಿಂದಲೇ ಮೊದಲನೆಯ ಚಿಕಿತ್ಸೆ ವಿಳಂಬವಿಲ್ಲದೆ, ‘ಆರ್’ ಅಕ್ಷರವನ್ನು ಬಿಡದೆ, ಆರೂ ಸರದಿಗಳನ್ನು ಪೂರೈಸಿ ನಡೆಯುವುದು ಇಷ್ಟು ಮುಖ್ಯ.

ರೋಗ ಮರಳಿದರೆ ಮತ್ತೊಮ್ಮೆ ಗಂಟಿನ ತುಣುಕನ್ನು ತೆಗೆಯಬೇಕೆಂದು ವೈದ್ಯರು ಹೇಳುವುದುಂಟು. ಮನೆಯವರಿಗೆ ಅದು ವೃಥಾ ಹಿಂಸೆಯಾಗಿ ತೋರುತ್ತದೆ. ಆದರೆ ಬಾಣದ ಏಟಿನಿಂದ ಪಾರಾದ ಕಣಗಳು ಕೆಲವೊಮ್ಮೆ ತಮ್ಮ ಮುದ್ರೆಯನ್ನೇ ಅಳಿಸಿಕೊಂಡಿರುತ್ತವೆ. ಸಿಡಿ-೨೦ ಹೋಗಿ ಸಿಡಿ-೧೯ ಉಳಿದಿರಬಹುದು, ಅಥವಾ ಬೇರೇನೋ ಆಗಿರಬಹುದು. ಹೊಸ ಗುರಿಯನ್ನು ಹೊಸ ತುಣುಕೇ ಹೇಳಬೇಕು. ಹಳೆಯದನ್ನೂ ಎಸೆಯುವಂತಿಲ್ಲ. ಮೊದಲ ಸಲ ಮೇಣದಲ್ಲಿ ಅಚ್ಚುಮಾಡಿದ ಗಂಟಿನ ಚೂರು ಬೆಂಕಿಪೆಟ್ಟಿಗೆಗಿಂತ ಚಿಕ್ಕದು, ವರ್ಷಗಟ್ಟಲೆ ಕೆಡದು. ಆಸ್ಪತ್ರೆಯ ರೋಗಶಾಸ್ತ್ರ ವಿಭಾಗದಲ್ಲಿ ಅಂಕಿ ಬರೆದು ಇಟ್ಟಿರುತ್ತಾರೆ. ರೋಗಿಯ ಕಡೆಯವರು ಅರ್ಜಿ ಕೊಟ್ಟು ಕೇಳಿದರೆ ಕೊಡುತ್ತಾರೆ. ಮೈಸೂರಿನಿಂದ ಬೆಂಗಳೂರಿಗೆ ಎರಡನೆಯ ಅಭಿಪ್ರಾಯಕ್ಕೆಂದು ಹೊರಟವರು ವರದಿಯ ಕಾಗದದ ಜೊತೆಗೆ ಆ ಅಚ್ಚನ್ನೂ, ಬಣ್ಣ ಹಾಯಿಸಿದ ಗಾಜಿನ ಪಟ್ಟಿಗಳನ್ನೂ ಒಯ್ಯಬೇಕು. ಬೇಸಿಗೆಯ ಬಿಸಿಲಿನಲ್ಲಿ ಮೇಣ ಮೆತ್ತಗಾಗುವುದರಿಂದ ಅದನ್ನು ಬಸ್ಸಿನ ಕಿಟಕಿಯ ಬದಿಗೆ ಇಡದೆ ಚೀಲದ ಒಳಗೆ, ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳುವುದು ಕ್ಷೇಮ.